ಕೇಬಲ್ ಕಾರಿನ ಬಾಗಿಲಲ್ಲಿ ಇಬ್ಬರು ಬೀಗಿತ್ತಿಯರು

ಬೆಡೋಕ್

ಆಲ್ಪ್ಸ್ ಪರ್ವತಗಳಿಗೆ ಹೋಗುವ ಯೋಜನೆಯನ್ನು ನನ್ನ ಅಳಿಯಂದಿರು ಪಟ್ಟಿ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಸಿಂಗಪುರದ ರಾಫೆಲ್ಸ್ ಪ್ಲೇಸಿನ ಹಣಕಾಸು ಕಚೇರಿಯೊಂದರಲ್ಲಿ ಕೆಲಸ ಮಾಡುವವರು. ಮನೆಯ ಸಂಗತಿಗಳನ್ನೂ ಕೋಷ್ಟಕದಲ್ಲಿ ಬರೆಯುವುದು ಅವರ ಅಭ್ಯಾಸ. ಯಾವ ದಿನ ಯಾರು ಏನು ಮಾಡಬೇಕೆಂಬುದು ಅದರಲ್ಲಿತ್ತು. ನನ್ನ ಮಗಳು ವಿದ್ಯಾಳ ಎದುರಿಗೆ ಸ್ಲೆಡ್ಜ್ ಎಂದಿತ್ತು, ಅಂದರೆ ಹಿಮದಲ್ಲಿ ಜಾರುವುದು. ಎಂಟು ವರ್ಷದ ಮೊಮ್ಮಗಳು ತನ್ವಿಯ ಎದುರಿಗೂ ಅದೇ. 'ಅಮ್ಮಂದಿರು' ಎಂಬ ಸಾಲಿನ ಎದುರಿಗೆ ಮಾತ್ರ ನಾಲ್ಕು ದಿನವೂ ಒಂದೇ ಪದ: ಬ್ಯಾಗ್.

ಅಮ್ಮಂದಿರು ಎಂದರೆ ನಾನು ಮತ್ತು ಅಳಿಯಂದಿರ ತಾಯಿ ಶಕುಂತಲಮ್ಮನವರು. ನಾನು ಬೆಡೋಕಿನಲ್ಲಿ ವಿದ್ಯಾಳ ಮನೆಯಲ್ಲಿರುತ್ತೇನೆ. ಅವರು ಬಿಶಾನಿನಲ್ಲಿ ತಮ್ಮ ಮಗಳ ಮನೆಯಲ್ಲಿದ್ದಾರೆ. ಆದ್ದರಿಂದ ತನ್ವಿಗೆ ನಾನು ಬೆಡೋಕ್ ಅಜ್ಜಿ, ಅವರು ಬಿಶಾನ್ ಅಜ್ಜಿ. ನಾನು ಮೈಸೂರಿನ ನ್ಯಾಯಾಲಯದಲ್ಲಿ ಶಿರಸ್ತೇದಾರಳಾಗಿ ನಿವೃತ್ತಳಾದವಳು. ನನ್ನ ಸುಪರ್ದಿನಲ್ಲಿದ್ದ ಒಂದು ಕಡತವೂ ಕಾಣೆಯಾಗಿಲ್ಲ. ಅಂಥವಳಿಗೆ ಚೀಲ ಕಾಯುವ ಕೆಲಸವನ್ನು, ನನ್ನನ್ನು ಒಂದು ಮಾತು ಕೇಳದೆ, ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ನೇಮಿಸಲಾಗಿತ್ತು.

"ತನ್ವಿಯನ್ನ ಒಂದು ಬೆಳಗ್ಗೆ ನನ್ನ ಕೈಗೆ ಕೊಡು. ಬೆಟ್ಟದ ಮೇಲಕ್ಕೆ ನಾನು ಕರ್ಕೊಂಡು ಬರ್ತೀನಿ" ಎಂದು ವಿದ್ಯಾಳನ್ನು ಕೇಳಿದೆ.

"ಅಮ್ಮ, ಅಲ್ಲಿ ಸ್ನೋ ಇರುತ್ತೆ. ನೀನೇ ಸ್ಲಿಪ್ ಆದ್ರೆ ಅವಳನ್ನ ಯಾರು ಹಿಡ್ಕೋತಾರೆ?"

"ದಿನಾ ಸ್ಕೂಲ್ ಬಸ್ಸಿಗೆ ನಮ್ಮ ಬಿಲ್ಡಿಂಗ್ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಕಾಯೋಳು ಯಾರು? ಇಲ್ಲಿ ಕೊಡಬಹುದಾದ ಮಗೂನ ಅಲ್ಲಿ ಯಾಕೆ ಕೊಡಬಾರದು?"

ಅವಳು ನಾಲ್ಕು ದಿನ ಬಿಟ್ಟು, ಪಟ್ಟಿಯಲ್ಲಿ ಮೂರನೆಯ ದಿನದ ಬೆಳಗಿನ ಬ್ಯಾಗ್ ಅಳಿಸಿ 'ತನ್ವಿ, ಇಬ್ಬರೂ ಅಜ್ಜಿಯರ ಜೊತೆ' ಎಂದು ಬರೆದಳು. ಇಬ್ಬರೂ ಎಂಬುದು ಷರತ್ತು. ನಾನೊಬ್ಬಳೇ ಸಾಲದು ಎಂದು ಅದರ ಅರ್ಥ. ಆದರೂ ಒಪ್ಪಿದೆ. ಈ ಇಡೀ ಪ್ರವಾಸದಲ್ಲಿ ನನಗೆ ಬೇಕಾಗಿದ್ದುದು ಆ ಒಂದು ಬೆಳಗ್ಗೆ ಮಾತ್ರ.

ಶಕುಂತಲಮ್ಮನವರ ಬಗ್ಗೆ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಹನ್ನೆರಡು ವರ್ಷದ ಹಿಂದೆ, ಮದುವೆಯ ಮಂಟಪದಲ್ಲಿ ಎರಡೂ ಕಡೆಯವರು ಸೇರಿ ಫೋಟೋ ತೆಗೆಸಿಕೊಳ್ಳುವಾಗ, ಅವರು ನನಗೆ "ಸ್ವಲ್ಪ ಆಚೆ ನಿಂತ್ಕೊಳ್ಳಿ" ಎಂದರು. ನಿಂತೆ. ಆಲ್ಬಮ್ಮಿನಲ್ಲಿ ನನ್ನ ಎಡಭುಜವಿಲ್ಲ. ಅಂದಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಅತ್ಯಂತ ಮರ್ಯಾದೆಯಿಂದ ಕಾಣುತ್ತ ಬಂದಿದ್ದೇವೆ.

ಹಳ್ಳಿ

ಆಸ್ಟ್ರಿಯ ದೇಶದ ಆ ಹಳ್ಳಿಯಲ್ಲಿ ಒಂದು ಚರ್ಚು, ಹದಿನೈದಿಪ್ಪತ್ತು ಹೋಟೆಲುಗಳು, ಉಳಿದಂತೆ ಹಿಮ. ದಾರಿಯಲ್ಲಿ ಎದುರಾದವರೆಲ್ಲರೂ, ಪರಿಚಯವಿರಲಿ ಇಲ್ಲದಿರಲಿ, ದೇವರ ಹೆಸರೆತ್ತಿ ವಂದಿಸುತ್ತಾರೆ. ಬೆಡೋಕಿನ ನಮ್ಮ ಲಿಫ್ಟಿನಲ್ಲಿ ಎದುರುಮನೆಯವರು ಆರು ವರ್ಷದಲ್ಲಿ ನನ್ನನ್ನು ಒಮ್ಮೆ ಮಾತಾಡಿಸಿದ್ದಾರೆ, ಅದೂ "ಆಂಟಿ, ಕೆಳಗಾ ಮೇಲಾ?" ಎಂದು. ಮೊದಲ ದಿನ ಹಳ್ಳಿಯವರ ವಂದನೆಗಳು ಹಿತವಾಗಿದ್ದವು. ಎರಡನೆಯ ದಿನದ ಹೊತ್ತಿಗೆ, ಅವರು ವಂದಿಸುವಾಗ ಮುಖ ನೋಡುವುದಿಲ್ಲವೆಂಬುದನ್ನು ಗಮನಿಸಿದೆ.

ಬೂಟು ಬಾಡಿಗೆಗೆ ಕೊಡುವ ಅಂಗಡಿಯವನು ನನ್ನ ಪಾದವನ್ನು ಕೈಯಲ್ಲಿ ಹಿಡಿದುಕೊಂಡೇ, ಇದರ ಅಳತೆ ಎಷ್ಟೆಂದು ನನ್ನ ಮಗಳನ್ನು ಕೇಳಿದ. ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಆತ ಮತ್ತೆ ವಿದ್ಯಾಳ ಕಡೆಗೆ ನೋಡಿ, ಅವಳು ತಲೆಯಾಡಿಸಿದ ಮೇಲೆ ಬರೆದುಕೊಂಡ.

ಅದೇ ಅಂಗಡಿಯಲ್ಲಿ ಶಕುಂತಲಮ್ಮನವರು ಜೀವಮಾನದಲ್ಲಿ ಮೊದಲ ಬಾರಿಗೆ ಪ್ಯಾಂಟು ತೊಟ್ಟರು. ಮೇಲೊಂದು ನೀಲಿ ದಪ್ಪ ಕೋಟು. ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ ನೋಡಿಕೊಂಡು, "ನೋಡಿ ಸುಶೀಲಮ್ಮ, ಪೆಟ್ರೋಲ್ ಬಂಕಲ್ಲಿ ನನಗೀಗ ಕೆಲಸ ಗ್ಯಾರಂಟಿ" ಎಂದರು. ನನಗೆ ನಗು ಬಂತು. ನಗಲಿಲ್ಲ.

ಇಲ್ಲಿಯ ಸ್ಲೆಡ್ಜ್ ಎಂದರೆ ಮರದ ಪುಟ್ಟ ಮಣೆ. ಕೆಳಗೆ ಮುಂದಕ್ಕೆ ಬಾಗಿದ ಎರಡು ಮರದ ಪಟ್ಟಿಗಳು, ಅವುಗಳ ಅಡಿಗೆ ಕಬ್ಬಿಣದ ಅಂಚು, ಹಿಡಿದುಕೊಳ್ಳಲು ಒಂದು ಹಗ್ಗ. ಬ್ರೇಕು ಇಲ್ಲ. ಹಿಂದೆ ಕುಳಿತವರ ಹಿಮ್ಮಡಿಯೇ ಬ್ರೇಕು. ಬೇಸಿಗೆಯಲ್ಲಿ ದನ ಮೇಯಿಸಲು ಮೇಲಕ್ಕೆ ಹೋಗುವ ದಾರಿಯನ್ನೇ ಚಳಿಗಾಲದಲ್ಲಿ ಹಿಮ ತುಳಿಸಿ ಗಟ್ಟಿಮಾಡಿ ಜಾರುವ ದಾರಿಯಾಗಿಸಿದ್ದಾರೆ. ಅಡ್ಡಡ್ಡವಾಗಿ ಸುತ್ತುತ್ತ ಬೆಟ್ಟದ ತಲೆಯಿಂದ ಹಳ್ಳಿಯವರೆಗೂ ಬರುತ್ತದೆ. ಅದರ ಕೊನೆಯಲ್ಲಿ ನಿಂತು ಒಂದು ಗಂಟೆ ನೋಡಿದೆ. ಅಪ್ಪ, ಅಮ್ಮ, ಮಕ್ಕಳು, ಒಂದು ನಾಯಿ. ನನಗಿಂತ ಹಿರಿಯಳಾದ ಒಬ್ಬ ಹೆಂಗಸು ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಬಂದಳು. ಎದ್ದು, ಪ್ಯಾಂಟು ಕೊಡವಿಕೊಂಡು, ಮತ್ತೆ ಕೇಬಲ್ ಕಾರಿನ ಸಾಲಿಗೆ ಹೋದಳು. ಆಕೆಯ ಹೆಸರಿನ ಎದುರು ಯಾರೂ ಬ್ಯಾಗ್ ಎಂದು ಬರೆದಿರಲಿಲ್ಲವೆಂದು ಕಾಣುತ್ತದೆ.

ಬೆಟ್ಟದ ಮೇಲಿನ ಊಟದ ಮನೆ

ಎರಡನೆಯ ದಿನ ಎಲ್ಲರೂ ಒಟ್ಟಿಗೆ ಮೇಲಕ್ಕೆ ಹೋದೆವು. ಅಲ್ಲಿ ಮರದ ಊಟದ ಮನೆಯೊಂದಿದೆ. ಹೊರಗೆ ನಲವತ್ತೈವತ್ತು ಸ್ಲೆಡ್ಜುಗಳು ಗೋಡೆಗೆ ಒರಗಿರುತ್ತವೆ, ಬೀಗವಿಲ್ಲ, ಕಾವಲಿಲ್ಲ.

ಒಳಗೆ ಬಹಳ ಜನ. ಶಕುಂತಲಮ್ಮನವರು ಖಾಲಿಯಿದ್ದ ಒಂದು ಬೆಂಚು ಕಂಡದ್ದೇ ತಡ, ಕೈಚೀಲದಿಂದ ಟಿಶ್ಯೂ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ನಮ್ಮನ್ನು ಕರೆಯಲು ಹೊರಬಂದರು. ಸಿಂಗಪುರದ ಹಾಕರ್ ಸೆಂಟರುಗಳಲ್ಲಿ, ಅಂದರೆ ಊಟದಂಗಡಿಗಳ ಸಾಲಿನಲ್ಲಿ, ಊಟ ತರಲು ಹೋಗುವವರು ಹಾಗೆಯೇ ಜಾಗ ಹಿಡಿಯುವುದು; ಅದಕ್ಕೆ ಅಲ್ಲಿ 'ಚೋಪ್' ಎನ್ನುತ್ತಾರೆ. ಪೊಟ್ಟಣವಿಟ್ಟ ಮೇಜಿನಲ್ಲಿ ಯಾರೂ ಕೂರುವುದಿಲ್ಲ. ನಾವು ಒಳಗೆ ಹೋದಾಗ ಆ ಬೆಂಚಿನಲ್ಲಿ ಗಡ್ಡದ ದೊಡ್ಡ ಮನುಷ್ಯನೊಬ್ಬ ಕುಳಿತಿದ್ದ. ಪೊಟ್ಟಣ ಬಿಚ್ಚಿ, ಒಂದು ಹಾಳೆ ತೆಗೆದು, ಗಟ್ಟಿಯಾಗಿ ಮೂಗು ಸೀಟಿ, ಶಕುಂತಲಮ್ಮನವರಿಗೆ ಮನಸಾರೆ ಧನ್ಯವಾದ ಹೇಳಿದ.

"ಇವ್ನು ನಮ್ಮ ಜಾಗದಲ್ಲಿ ಕೂತು ನಮ್ಮ ಟಿಶ್ಯೂಲೇ ಮೂಗು ಒರೆಸ್ಕೊಂಡ್ನಲ್ಲ!" ಎಂದರು ಅವರು.

"ಬಿಶಾನ್ ಅಜ್ಜಿ, ಇಲ್ಲಿ ಚೋಪ್ ವರ್ಕ್ ಆಗಲ್ಲ ಲಾ" ಎಂದಳು ತನ್ವಿ, ಸಿಂಗಪುರದ ಮಕ್ಕಳಂತೆ ಕೊನೆಗೊಂದು 'ಲಾ' ಸೇರಿಸಿ.

ಆತ ಸರಿದು ನಮ್ಮೈವರಿಗೂ ಜಾಗ ಕೊಟ್ಟ. ಇಲ್ಲಿ ಅಪರಿಚಿತರು ಒಂದೇ ಮೇಜಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಉಣ್ಣುತ್ತಾರೆ, ಆದರೆ ಒಂದು ಮಾತೂ ಆಡುವುದಿಲ್ಲ.

ಊಟವಾದ ಮೇಲೆ, ಊಟದ ಮನೆಯ ಹಿಂದಿನ ಮಕ್ಕಳ ಇಳಿಜಾರಿನಲ್ಲಿ, ಅಳಿಯಂದಿರ ಮುಂದೆ ಕುಳಿತು ನಾನು ಮೊದಲ ಬಾರಿ ಜಾರಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಸ್ಲೆಡ್ಜು ಮಗುಚಿತು. ಹಿಮ ಮೃದುವಾಗಿರುತ್ತದೆಂದು ಹೇಳುವವರು ಅದರಲ್ಲಿ ಮುಖ ಊರಿ ನೋಡಿಲ್ಲ. ಅಳಿಯಂದಿರು ಒಳ್ಳೆಯವರು. ಆದರೆ ಮೊದಲು ಸ್ಲೆಡ್ಜನ್ನು ಎತ್ತಿದರು, ಆಮೇಲೆ ನನ್ನನ್ನು.

ಕೆಳನಿಲ್ದಾಣ

ಮೂರನೆಯ ದಿನ, ನನ್ನ ಬೆಳಗ್ಗೆ. ವಿದ್ಯಾ ಮತ್ತು ಅಳಿಯಂದಿರು ಮುಂಚೆಯೇ ಬೆಟ್ಟದ ತಲೆಗೆ ಹೋಗಿದ್ದರು. ನಾವಿಬ್ಬರೂ ತನ್ವಿಯನ್ನು ಕೇಬಲ್ ಕಾರಿನಲ್ಲಿ ಕರೆದೊಯ್ದು ಊಟದ ಮನೆಯ ಮುಂದೆ ಅವರಿಗೆ ಒಪ್ಪಿಸಬೇಕು. ಕೆಲಸ ಇಷ್ಟೇ. ತನ್ವಿಯ ಕೈಗವಸು, ಹಳದಿ ಟೋಪಿ, ಬೂಟಿನ ದಾರ ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸಿದೆ.

ಈ ಕೇಬಲ್ ಕಾರು ಎಂದರೆ ಎಂಟು ಜನ ಕೂರುವ ಗಾಜಿನ ಪೆಟ್ಟಿಗೆಗಳ ಸಾಲು. ಅವು ನಿಲ್ಲುವುದಿಲ್ಲ. ನಿಲ್ದಾಣದೊಳಗೆ ನಿಧಾನವಾಗಿ ತೆವಳುತ್ತವೆ, ಬಾಗಿಲು ತೆರೆದಿರುತ್ತದೆ, ಜೊತೆಯಲ್ಲಿ ನಡೆಯುತ್ತ ಹತ್ತಬೇಕು. ಅಲ್ಲಿದ್ದ ನೌಕರ ತನ್ವಿಯ ಸ್ಲೆಡ್ಜನ್ನು ಪೆಟ್ಟಿಗೆಯ ಹೊರಗಿನ ಕೊಕ್ಕೆಗೆ ಸಿಕ್ಕಿಸಿ ಹಿಂದಿನ ಪೆಟ್ಟಿಗೆಯವರ ಕಡೆಗೆ ತಿರುಗಿದ. ತನ್ವಿ ಒಳಗೆ ಹಾರಿ ಕಿಟಕಿಯ ಬಳಿ ಕುಳಿತಳು.

"ಹತ್ತಿ" ಎಂದೆ ಶಕುಂತಲಮ್ಮನವರಿಗೆ.

"ಅಯ್ಯೋ, ನೀವು ಹತ್ತಿ."

"ಗಂಡಿನ ಕಡೆಯವರು ನೀವು. ಮೊದಲು ನೀವು."

"ವಯಸ್ಸಿನಲ್ಲಿ ದೊಡ್ಡವರು ನೀವು. ನಿಮ್ಮನ್ನ ಹಿಂದೆ ಬಿಟ್ಟು ನಾನು ಹತ್ತೋದಾ?"

"ಪರವಾಗಿಲ್ಲ, ಹತ್ತಿ."

"ಖಂಡಿತ ಇಲ್ಲ, ನೀವು."

ಇಷ್ಟನ್ನೂ ನಾವು ಪೆಟ್ಟಿಗೆಯ ಪಕ್ಕದಲ್ಲಿ ನಡೆಯುತ್ತಲೇ, ಇಬ್ಬರೂ ಒಂದೊಂದು ಕೈಯಿಂದ ಬಾಗಿಲು ತೋರಿಸುತ್ತಲೇ ಆಡಿದೆವು. ನಮ್ಮಿಬ್ಬರ ಕೈಗಳ ನಡುವೆ ಬಾಗಿಲು ಮುಚ್ಚಿಕೊಂಡಿತು. ಗಾಜಿನ ಹಿಂದೆ ತನ್ವಿ ಬಾಯಿ ತೆರೆದದ್ದು ಕಾಣಿಸಿತು, ದನಿ ಕೇಳಿಸಲಿಲ್ಲ. ನಾನು ಕೂಗಿದೆ. ನೌಕರ ತಿರುಗುವಷ್ಟರಲ್ಲಿ ಪೆಟ್ಟಿಗೆ ಮೇಲಿನ ಹಗ್ಗವನ್ನು ಕಚ್ಚಿ ನಿಲ್ದಾಣದ ಹೊರಕ್ಕೆ ಜಿಗಿದಾಗಿತ್ತು.

ಆತ ತನ್ನ ಭಾಷೆಯಲ್ಲಿ ಏನೋ ಹೇಳಿದ. ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ನಮ್ಮಿಬ್ಬರನ್ನೂ ಒಟ್ಟಿಗೆ, ಎರಡು ಮೂಟೆಗಳನ್ನು ತಳ್ಳುವಂತೆ, ಹಿಂದೆಯೇ ಬಂದ ಪೆಟ್ಟಿಗೆಯೊಳಕ್ಕೆ ತಳ್ಳಿದ. ಅದನ್ನು ಅವಮಾನವೆಂದು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎದುರುಬದುರು ಕುಳಿತೆವು. ಮುಂದಿನ ಪೆಟ್ಟಿಗೆಯ ಗಾಜಿನಲ್ಲಿ ಹಳದಿ ಟೋಪಿ ಕಾಣಿಸುತ್ತಿತ್ತು. ಮೂರನೆಯ ಕಂಬ ದಾಟಿದ ಮೇಲೆ ಮಂಜು ಬಂತು. ಟೋಪಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ.

"ನೀವು ಹತ್ತಬಾರ್ದಿತ್ತಾ?" ಎಂದರು ಶಕುಂತಲಮ್ಮನವರು.

"ನೀವ್ಯಾಕೆ ಹತ್ತಲಿಲ್ಲ?"

ಆಮೇಲೆ ಅವರು ಸಣ್ಣ ದನಿಯಲ್ಲಿ, "ಒಳಗಿಂದ ತಳ್ಳಿದ್ರೆ ಆ ಬಾಗಿಲು ತೆಗೆಯುತ್ತಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಮ್ಮ ಬಾಗಿಲನ್ನು ಮೊಣಕಾಲಿನಿಂದ ತಳ್ಳಿ ನೋಡಿದೆ. ತೆಗೆಯಲಿಲ್ಲ. ಮತ್ತೊಮ್ಮೆ, ಬಲವಾಗಿ. ತೆಗೆಯಲಿಲ್ಲ. ಅವರು ವಿಷ್ಣು ಸಹಸ್ರನಾಮ ಆರಂಭಿಸಿದರು. ನಾಲ್ಕು ನಾಮಕ್ಕೊಮ್ಮೆ ನಿಲ್ಲಿಸಿ "ಟೋಪಿ ಕಾಣ್ತಾ?" ಎನ್ನುವರು.

ನಡುನಿಲ್ದಾಣ

ಬೆಟ್ಟದ ಅರ್ಧದಲ್ಲಿ ಒಂದು ನಿಲ್ದಾಣವಿದೆ. ಹಿಂದಿನ ದಿನ ಅಲ್ಲಿ ಯಾರೂ ಇಳಿದದ್ದನ್ನು ನಾವು ಕಂಡಿರಲಿಲ್ಲ. ಬಾಗಿಲು ತೆರೆಯಿತು. ನಾವು ಇನ್ನೂ ಮೇಲಕ್ಕೆ ಹೋಗಬೇಕಾದವರು, ಕುಳಿತೇ ಇದ್ದೆವು. ಆಗ ಕಂಡದ್ದು ಹಳದಿ ಟೋಪಿ. ನೆಲದಲ್ಲಿ ಬಳಿದ ಗೆರೆಯ ಹಿಂದೆ, ಎರಡೂ ಪಾದ ಜೋಡಿಸಿ, ಸ್ಲೆಡ್ಜಿನ ಹಗ್ಗ ಹಿಡಿದು ತನ್ವಿ ನಿಂತಿದ್ದಳು. ಪಕ್ಕದಲ್ಲಿ ನಿಲ್ದಾಣದ ಹೆಂಗಸೊಬ್ಬಳು.

ಇಳಿಯಲು ಇದ್ದ ಸಮಯ ಕೆಲವೇ ಕ್ಷಣ. ನಾನು ಶಕುಂತಲಮ್ಮನವರ ಮೊಣಕಾಲನ್ನು ದಾಟಿ, ಅವರ ಭುಜವನ್ನು ತಳ್ಳಿ, ಮೊದಲು ಇಳಿದೆ. ಅವರು ನನ್ನ ಕೋಟಿನ ಹಿಂಭಾಗವನ್ನು ಹಿಡಿದುಕೊಂಡು ನನ್ನ ಹಿಂದೆಯೇ ಇಳಿದರು.

"ನೀವಿಬ್ರೂ ಸೋ ಸ್ಲೋ ಲಾ" ಎಂದಳು ತನ್ವಿ.

"ಇಲ್ಲಿ ಯಾಕಿಳಿದೆ ಪುಟ್ಟಿ? ಯಾರು ಇಳಿ ಅಂದ್ರು?"

"ಯಾರೂ ಅನ್ನಲಿಲ್ಲ. ಎಂಆರ್‌ಟೀಲಿ ಟ್ರೇನಲ್ಲಿ ದೊಡ್ಡೋರು ಮಿಸ್ ಆದ್ರೆ ನೆಕ್ಸ್ಟ್ ಸ್ಟೇಷನ್ನಲ್ಲಿ ಇಳಿದು ನಿಂತ್ಕೋಬೇಕು. ಮೂವ್ ಆಗ್ಬಾರ್ದು. ಎಲ್ರಿಗೂ ಗೊತ್ತು, ಅಜ್ಜಿ."

ಅವಳು ಅತ್ತಿರಲಿಲ್ಲ. ನಿಲ್ದಾಣದ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಎರಡು ಬೆರಳು ತೋರಿಸಿ, ಇವರೇ ಏನು ಎಂಬಂತೆ ತನ್ವಿಯನ್ನು ಕೇಳಿದಳು. ತನ್ವಿ ಹೌದೆಂದಳು. ಆಮೇಲಷ್ಟೇ ಆಕೆ ಮಗುವಿನ ಪಕ್ಕದಿಂದ ಸರಿದಳು.

ಅದೇ ಹೊತ್ತಿಗೆ ಶಕುಂತಲಮ್ಮನವರ ಫೋನು ಮೊಳಗಿತು. ವಿದ್ಯಾ. "ಎಲ್ಲಿದೀರಾ ಅತ್ತೆ? ತನ್ವಿ ಜೊತೇಲಿದಾಳಾ?" ಎಂಬ ದನಿ ನನಗೂ ಕೇಳಿಸಿತು.

ಮಗು ಜೊತೆಯಲ್ಲಿದ್ದಳು. ನೋಟ ನೋಡಲು ನಡುವೆ ಇಳಿದೆವೆಂದು ಹೇಳಿದ್ದರೆ ಅದರಲ್ಲಿ ಒಂದು ಪದವನ್ನೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಶಕುಂತಲಮ್ಮನವರು ಫೋನಿನ ಮೇಲೆ ಕೈಗವಸು ಮುಚ್ಚಿ ನನ್ನ ಮುಖ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗಿತ್ತರು.

ನಾನು ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಮಗು ಮೊದಲು ಹತ್ತಿದಳು. ನಾವಿಬ್ಬರೂ ನೀವು ಮೊದಲು, ನೀವು ಮೊದಲು ಎಂದು ನಿಂತೆವು. ಬಾಗಿಲು ಮುಚ್ಚಿತು. ಅರ್ಧ ದಾರಿ ಅವಳು ಒಬ್ಬಳೇ ಬಂದಳು. ಈಗ ನಮ್ಮ ಜೊತೆಯಲ್ಲಿದ್ದಾಳೆ.

ಆ ಕಡೆಯಿಂದ ವಿದ್ಯಾ, "ಅಲ್ಲೇ ಇರಿ" ಎಂದಳು.

ನಾವು ನಿಲ್ದಾಣದ ಹೊರಗೆ, ಜಾರುವ ದಾರಿಯ ಅಂಚಿನಲ್ಲಿ ನಿಂತೆವು. ಹತ್ತು ನಿಮಿಷದಲ್ಲಿ ವಿದ್ಯಾ, ಅಳಿಯಂದಿರು ಇಬ್ಬರೂ ಒಂದೊಂದು ಸ್ಲೆಡ್ಜಿನಲ್ಲಿ ಮಂಜಿನೊಳಗಿಂದ ಹೊರಬಂದರು. ವಿದ್ಯಾ ಹಿಮ್ಮಡಿ ಊರಿ ನಿಂತ ರಭಸಕ್ಕೆ ಹಿಮ ನಮ್ಮ ಸೊಂಟದವರೆಗೂ ಎರಚಿತು. ತನ್ವಿಯನ್ನು ಎಳೆದು ಅಪ್ಪಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಒಂದು ಮಗೂನ ನೋಡ್ಕೊಳ್ಳಕ್ಕೆ ಬರಲ್ವಾ ನಿಮಗೆ? ಇಬ್ರಿಗೂ? ಅಮ್ಮ, ನೀನೇ ತಾನೆ ಕೇಳಿದ್ದು, ಕೊಡು ಕೊಡು ಅಂತ? ಬ್ಯಾಗೇ ಸರಿ ನಿಮಗೆ."

"ವಿದ್ಯಾ" ಎಂದರು ಅಳಿಯಂದಿರು.

"ನೀವು ಸುಮ್ನಿರಿ."

ತನ್ವಿಯನ್ನು ತನ್ನ ಸ್ಲೆಡ್ಜಿನ ಮುಂದೆ ಕೂರಿಸಿಕೊಂಡು ಇಳಿದುಹೋದಳು. ಅಳಿಯಂದಿರು ಮಗುವಿನ ಸ್ಲೆಡ್ಜನ್ನು ತಮ್ಮದಕ್ಕೆ ಕಟ್ಟಿಕೊಂಡು, "ಅತ್ತೆ, ನೀವಿಬ್ರೂ ಕೇಬಲ್ ಕಾರಲ್ಲೇ ಇಳೀರಿ, ಪ್ಲೀಸ್" ಎಂದು ಅವಳ ಹಿಂದೆ ಹೋದರು. ಮೊದಲ ತಿರುವಿನವರೆಗೂ ತನ್ವಿ ಕತ್ತು ಹೊರಳಿಸಿ ನಮ್ಮನ್ನು ನೋಡುತ್ತಲೇ ಇದ್ದಳು.

ಇಳಿಯುವಾಗ

ಇಳಿಯುವ ಪೆಟ್ಟಿಗೆಯಲ್ಲಿ ನಾವಿಬ್ಬರೇ.

"ಹೇಳಬಾರದಿತ್ತು ಅಂತೀರಾ?" ಎಂದು ನಾನೇ ಕೇಳಿದೆ.

"ಇಲ್ಲ. ನಾನಾಗಿದ್ರೆ ಮುಚ್ಚಿಡ್ತಿದ್ದೆ. ಅದಕ್ಕೇ ಫೋನ್ ನಿಮಗೆ ಕೊಟ್ಟೆ."

ಆಗ ನಾನು ಮದುವೆಯ ಫೋಟೋದ ವಿಷಯ ಎತ್ತಿದೆ. ಭುಜದ ಸಂಗತಿಯನ್ನೂ ಹೇಳಿದೆ. ಅವರು ಆಶ್ಚರ್ಯಪಟ್ಟರು.

"ಆಚೆ ನಿಂತ್ಕೊಳ್ಳಿ ಅಂದ್ನಾ? ನೆನಪೇ ಇಲ್ಲ ನನಗೆ. ಆದ್ರೆ ಅವತ್ತು ನಿಮ್ಮ ಕಡೆಯವರು ನನ್ನನ್ನ ಊಟಕ್ಕೆ ಕರೆದದ್ದು ಎರಡನೇ ಪಂಕ್ತಿಗೆ. ವರನ ತಾಯಿ ನಾನು. ಮೊದಲ ಪಂಕ್ತಿ ಮುಗಿಯೋವರೆಗೂ ಕಂಬಕ್ಕೆ ಒರಗಿ ನಿಂತಿದ್ದೆ, ಗೊತ್ತಾ?"

ಗೊತ್ತಿರಲಿಲ್ಲ. ಆ ಮದುವೆಯಲ್ಲಿ ನಡೆದ ಪ್ರತಿಯೊಂದೂ ನನ್ನ ನೆನಪಿನಲ್ಲಿದೆಯೆಂದು ನಾನು ತಿಳಿದಿದ್ದೆ. ಇದು ಇರಲಿಲ್ಲ. ಊಟದ ಪಂಕ್ತಿಯ ಉಸ್ತುವಾರಿ ನಮ್ಮ ಮನೆಯವರದೇ, ಅಂದರೆ ನನ್ನದೇ. ಹನ್ನೆರಡು ವರ್ಷ ನಾವು ಬಾಗಿಲು ಬಾಗಿಲಿನಲ್ಲಿ ಒಬ್ಬರನ್ನೊಬ್ಬರು ಮುಂದೆ ಬಿಟ್ಟುಕೊಂಡದ್ದು ಮರ್ಯಾದೆಯಿಂದಲ್ಲ; ಇನ್ನೊಂದು ದೂರಿಗೆ ಎಡೆಗೊಡಬಾರದೆಂಬ ಎಚ್ಚರದಿಂದ. ಆ ಎಚ್ಚರದಲ್ಲಿ ಮಗುವನ್ನು ಕೈಬಿಟ್ಟೆವು.

"ತಪ್ಪಾಯ್ತು" ಎಂದೆ. ಆ ಪದವನ್ನು ನಾನು ಕೊನೆಯ ಸಲ ಯಾವಾಗ ಬಳಸಿದೆನೋ ನೆನಪಿಲ್ಲ.

"ಅವತ್ತಿಂದೋ, ಇವತ್ತಿಂದೋ?"

"ಎರಡೂ."

"ಸರಿ ಬಿಡಿ. ನನ್ನ ಭುಜ ಇನ್ನೂ ನೋಯ್ತಿದೆ. ಏನು ತಳ್ಳಿದ್ರಿ ರೀ!"

ಕೊನೆಯ ದಿನ

ಹಿಂದಿನ ಸಂಜೆ ವಿದ್ಯಾ ನನ್ನೊಡನೆ ಮಾತಾಡಿರಲಿಲ್ಲ. ನಾನೂ ಮಾತಾಡಿಸಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ಇನ್ನೂ ಕಟುವಾಗಿ ಮಾತಾಡುತ್ತಿದ್ದೆ. ಆದರೆ ಮಗುವಿನ ಮುಂದೆ ಆಡುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಮರೆಯುವವಳು ನಾನಲ್ಲ.

ಬೆಳಿಗ್ಗೆ ಕೈಚೀಲ, ಹೆಗಲಚೀಲ, ಎಲ್ಲವನ್ನೂ ಹೋಟೆಲಿನ ಮುಂದಿನ ಬೆಂಚಿನ ಮೇಲೆ ಸಾಲಾಗಿಟ್ಟುಕೊಂಡು ನಾನು ಮತ್ತು ಶಕುಂತಲಮ್ಮನವರು ಕುಳಿತಿದ್ದೆವು. ಹೋಟೆಲಿನ ಪಕ್ಕದಲ್ಲೇ ಒಂದು ಸಣ್ಣ ದಿಬ್ಬವಿದೆ. ಹಳ್ಳಿಯ ಪುಟ್ಟ ಮಕ್ಕಳು ಅಲ್ಲಿ ಜಾರುತ್ತಾರೆ. ಬಾಡಿಗೆಯ ಬೂಟುಗಳ ಮೂಟೆ ಹೊತ್ತುಕೊಂಡು ವಿದ್ಯಾ ಹೊರಬಂದಳು. ಜೊತೆಯಲ್ಲಿ ತನ್ವಿ, ಸ್ಲೆಡ್ಜು. ಅಳಿಯಂದಿರು ಆಗಲೇ ಕಾರು ತರಲು ಹೋಗಿದ್ದರು.

"ಇದನ್ನ ರಿಟರ್ನ್ ಮಾಡಿ ಬರಕ್ಕೆ ಒಂದು ಗಂಟೆ ಆಗುತ್ತೆ" ಎಂದಳು ವಿದ್ಯಾ, ಬೂಟುಗಳನ್ನು ನೋಡುತ್ತ. "ಇವಳಿಗೆ ಇನ್ನೂ ಆಡ್ಬೇಕಂತೆ. ನೀನು ಹಿಂದೆ ಕೂತ್ಕೋ."

"ನಾನಾ?"

"ಮತ್ಯಾರು?"

"ನಿನ್ನೆ ನೀನು ಬೇರೆ ಮಾತು ಹೇಳಿದೆ."

"ಹೇಳಿದೆ." ಆ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ. ಮೂಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ನೀನು ಸುಳ್ಳು ಹೇಳ್ಬಹುದಿತ್ತು ಅಮ್ಮ. ಅತ್ತೆ ಏನೂ ಅಂತಿರಲಿಲ್ಲ, ಇವಳೂ ಮರ್ತುಬಿಡ್ತಿದ್ಲು. ರಾತ್ರಿ ಅದೇ ಯೋಚನೆ ಮಾಡ್ತಿದ್ದೆ. ಏನಾದ್ರೂ ಆದ್ರೆ ನೀನು ಹೇಳ್ತೀಯ. ಇವಳನ್ನ ಬಿಟ್ಟುಹೋಗಕ್ಕೆ ನನಗೆ ಅಷ್ಟು ಸಾಕು."

ಹಗ್ಗವನ್ನು ನನ್ನ ಕೈಗಿಟ್ಟಳು. "ಎಡಗೈ ಗ್ಲೌಸ್ ಒದ್ದೆ. ಬೇರೆ ಹಾಕು."

ನಾನು ತನ್ವಿಯ ಎಡಗೈಗೆ ಒಣಗಿದ ಕೈಗವಸು ತೊಡಿಸಿದೆ. ಶಕುಂತಲಮ್ಮನವರು ಚೀಲಗಳನ್ನು ತಮ್ಮ ಕಡೆಗೆ ಎಳೆದುಕೊಂಡು, "ಹೋಗಿ ಹೋಗಿ, ಇವೆಲ್ಲ ನಾನು ನೋಡ್ಕೋತೀನಿ" ಎಂದರು.

ಹೋಟೆಲಿನಿಂದ ಅಂಗಡಿಗೆ ಹೋಗುವ ದಾರಿ ನೇರವಾಗಿದೆ. ಚರ್ಚಿನ ಬಳಿ ತಿರುಗುತ್ತದೆ, ಅಲ್ಲಿಯವರೆಗೂ ಹೋಗುವವರು ಕಾಣುತ್ತಾರೆ. ನಾನು ಸ್ಲೆಡ್ಜಿನ ಹಗ್ಗ ಹಿಡಿದು ನಿಂತು ನೋಡಿದೆ. ವಿದ್ಯಾ ಬೂಟುಗಳ ಮೂಟೆ ಹೊತ್ತು, ಹಿಮದಲ್ಲಿ ಜಾರದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಚರ್ಚಿನ ತಿರುವಿನವರೆಗೂ ನಡೆದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.